ಪ್ರದರ್ಶನ ವಸ್ತುವಿನ ಪಕ್ಕದ ಬರಹ ಮಕ್ಕಳಿಗೂ ಅರ್ಥವಾಗಲಿ

ಸಂಪಾದಕರಿಗೆ,

ಮಾನ್ಯರೇ,

ದಸರಾ ರಜೆ, ಬೇಸಿಗೆ ರಜೆ ಬಂದಾಗಲೆಲ್ಲ ಮೈಸೂರಿಗೆ ಬಂದ ಪ್ರವಾಸಿಗರ ಸಂಖ್ಯೆ, ಅರಮನೆಯ ಮುಂದಿನ ಸರತಿ ಸಾಲು, ವಾಹನ ನಿಲುಗಡೆಯ ಪಾಡು ಇವುಗಳ ಕುರಿತು ತಮ್ಮ ಪತ್ರಿಕೆಯಲ್ಲಿ ವರದಿಗಳು ಬರುತ್ತವೆ. ಬಂದವರು ಏನು ನೋಡಿದರು, ನೋಡಿದ್ದರಲ್ಲಿ ಏನನ್ನು ತಿಳಿದುಕೊಂಡು ಹೋದರು, ಮುಖ್ಯವಾಗಿ ಅವರ ಜೊತೆಯಲ್ಲಿದ್ದ ಮಕ್ಕಳಿಗೆ ಏನು ದಕ್ಕಿತು ಎಂಬುದನ್ನು ಕುರಿತ ಚರ್ಚೆ ಮಾತ್ರ ಅಪರೂಪ. ಈ ಊರಿನ ರೈಲ್ವೆ ಕಾರ್ಯಾಗಾರದಲ್ಲಿ ಮೂರು ದಶಕ ಫಿಟ್ಟರ್ ಆಗಿ ದುಡಿದು ನಿವೃತ್ತನಾದ ನಾನು ಕಳೆದ ದಸರಾ ರಜೆಯಲ್ಲಿ ಮೊಮ್ಮಕ್ಕಳನ್ನು ಕರೆದುಕೊಂಡು ಸುತ್ತಾಡಿದಾಗ ಕಂಡದ್ದನ್ನು ಆಧಾರವಾಗಿಟ್ಟುಕೊಂಡು ಒಂದೇ ಒಂದು ವಿಷಯವನ್ನು ಸಂಬಂಧಪಟ್ಟವರ ಗಮನಕ್ಕೆ ತರಲು ಬಯಸುತ್ತೇನೆ. ಸಂಗ್ರಹಾಲಯಗಳಲ್ಲಿ ವಸ್ತುವಿನ ಪಕ್ಕದಲ್ಲಿ ಅಂಟಿಸುವ ಚೀಟಿಯ ಕನ್ನಡ ಹೇಗಿರಬೇಕು ಎಂಬುದೇ ಆ ವಿಷಯ.

ಹೊರ ಜಿಲ್ಲೆಗಳಿಂದ ಬರುವ ಕುಟುಂಬಗಳ ದಿನಚರಿ ಬಹುಮಟ್ಟಿಗೆ ಒಂದೇ ಬಗೆಯದು. ಬೆಳಿಗ್ಗೆ ಚಾಮುಂಡಿ ಬೆಟ್ಟ, ಅಲ್ಲಿಂದ ಇಳಿದು ಅರಮನೆ, ಮಧ್ಯಾಹ್ನ ಮೃಗಾಲಯ, ಸಂಜೆ ಬೃಂದಾವನದ ಕಾರಂಜಿ, ರಾತ್ರಿ ಊರಿನ ದಾರಿ. ಇದರಲ್ಲಿ ತಪ್ಪೇನೂ ಇಲ್ಲ. 1892ರಲ್ಲಿ ಆರಂಭವಾದ ಮೃಗಾಲಯವನ್ನು ನೋಡದೆ ಮೈಸೂರಿನಿಂದ ಹಿಂದಿರುಗಿದ ಮಗುವಿಗೆ ಶಾಲೆಯಲ್ಲಿ ಹೇಳಿಕೊಳ್ಳಲು ಏನೂ ಇರುವುದಿಲ್ಲ. ಆದರೆ ಆ ಮೃಗಾಲಯದಿಂದ ಸ್ವಲ್ಪವೇ ದೂರದಲ್ಲಿ, ಕಾರಂಜಿ ಕೆರೆಯ ದಡದಲ್ಲಿ, 1995ರಿಂದ ಪ್ರಾದೇಶಿಕ ನಿಸರ್ಗ ವಿಜ್ಞಾನ ಸಂಗ್ರಹಾಲಯವಿದೆ ಎಂಬುದು ಎಷ್ಟು ಜನರಿಗೆ ಗೊತ್ತು? ರೈಲು ನಿಲ್ದಾಣದ ಮಗ್ಗುಲಲ್ಲೇ 1979ರಲ್ಲಿ ತೆರೆದ ರೈಲ್ವೆ ಸಂಗ್ರಹಾಲಯವಿದೆ. ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ವಾಸವಾಗಿದ್ದ ವೆಲಿಂಗ್ಟನ್ ಹೌಸ್‌ನಲ್ಲಿ ಈಗ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯದ ಪ್ರಾದೇಶಿಕ ಕೇಂದ್ರವಿದೆ. ಮಾನಸಗಂಗೋತ್ರಿಯ ಜಯಲಕ್ಷ್ಮೀ ವಿಲಾಸದಲ್ಲಿ ಜಾನಪದ ವಸ್ತುಗಳ ಭಂಡಾರವೇ ಇದೆ. ಜನರಿಗೆ ಆಸಕ್ತಿಯಿಲ್ಲ ಎಂದು ಹೇಳಿ ಈ ಪ್ರಶ್ನೆಯನ್ನು ಮುಗಿಸಿಬಿಡುವುದು ಸುಲಭ. ನನ್ನ ಅನುಭವ ಬೇರೆಯೇ ಆಗಿದೆ.

ನನ್ನ ಮಗಳು ದಾವಣಗೆರೆಯವರ ಮನೆಯ ಸೊಸೆ. ಅವಳ ಮಗಳಿಗೆ ಹತ್ತು ವರ್ಷ, ಮಗನಿಗೆ ಆರು. ಇಬ್ಬರೂ ಓದುವುದು ಕನ್ನಡ ಮಾಧ್ಯಮದಲ್ಲಿ. ಅವರನ್ನು ರೈಲ್ವೆ ಸಂಗ್ರಹಾಲಯಕ್ಕೆ ಕರೆದೊಯ್ದಾಗ, ಪುಟಾಣಿ ರೈಲಿನಲ್ಲಿ ಒಂದು ಸುತ್ತು ಹೋಗಿ ಬಂದರೆ ಮಕ್ಕಳಿಗೆ ಅಷ್ಟೇ ಸಾಕು ಎಂದು ನನ್ನ ಅಳಿಯ ಹೇಳಿದರು. ಸುತ್ತು ಮುಗಿದ ಮೇಲೆ ನಾನು ಮಕ್ಕಳನ್ನು ಇ.ಎಸ್. 506 ಎಂಬ ಹಳೆಯ ಉಗಿಯಂತ್ರದ ಪಕ್ಕದಲ್ಲಿ ನಿಲ್ಲಿಸಿ, ಚಕ್ರಗಳನ್ನು ಎಣಿಸುವಂತೆ ಹೇಳಿದೆ. ಮುಂದೆ ನಾಲ್ಕು ಸಣ್ಣವು, ನಡುವೆ ಆರು ದೊಡ್ಡವು, ಹಿಂದೆ ಎರಡು. ರೈಲ್ವೆಯವರ ಭಾಷೆಯಲ್ಲಿ ಇದನ್ನೇ 4-6-2 ಎನ್ನುತ್ತಾರೆ, ಎಳೆಯುವ ಕೆಲಸವೆಲ್ಲ ನಡುವಿನ ಆರರದು, ಉಳಿದವು ಭಾರ ಹೊರಲು ಮತ್ತು ತಿರುವಿನಲ್ಲಿ ದಾರಿ ತೋರಲು ಎಂದು ತಿಳಿಸಿದೆ. ಆರು ವರ್ಷದವನು ಒಳಗೆಲ್ಲ ಇಣುಕಿ ನೋಡಿ, "ಅಜ್ಜಾ, ಇದಕ್ಕೆ ಸ್ಟಿಯರಿಂಗೇ ಇಲ್ಲ!" ಎಂದ. ನಾನು ಅವನನ್ನು ಕುಳ್ಳಿರಿಸಿ, ಚಕ್ರದ ಒಳಮಗ್ಗುಲಿನಲ್ಲಿ ತಟ್ಟೆಯ ಅಂಚಿನಂತೆ ಎದ್ದಿರುವ ಭಾಗವನ್ನು ತೋರಿಸಿದೆ. ಕಂಬಿಯಿಂದ ಚಕ್ರ ಜಾರದಂತೆ ತಡೆಯುವುದು ಆ ಅಂಚು. ಚಕ್ರದ ಹೊರಮೈ ಕೂಡ ನೇರವಾಗಿಲ್ಲದೆ ಒಂದಿಷ್ಟು ಇಳಿಜಾರಾಗಿರುವುದರಿಂದ ಅದು ತಿರುವಿನಲ್ಲಿ ತಾನಾಗಿಯೇ ಹೊಂದಿಕೊಳ್ಳುತ್ತದೆ. ಅವನಿಗೆ ಎಲ್ಲವೂ ಅರ್ಥವಾಯಿತೆಂದು ನಾನು ಹೇಳುವುದಿಲ್ಲ. ಆದರೆ ಆಮೇಲೆ ಅಲ್ಲಿದ್ದ ಪ್ರತಿಯೊಂದು ಬೋಗಿಯ ಕೆಳಗೂ ಬಗ್ಗಿ, ಅಂಚು ಒಳಗಿದೆಯೋ ಹೊರಗಿದೆಯೋ ಎಂದು ಅವನು ಪರೀಕ್ಷಿಸತೊಡಗಿದ.

ಅಕ್ಕನಿಗೆ ಬೇಕಾದದ್ದು "ಛುಕು ಛುಕು" ಸದ್ದು ಎಲ್ಲಿಂದ ಬರುತ್ತದೆ ಎಂಬುದು. ಇಡ್ಲಿ ಪಾತ್ರೆಯ ಮುಚ್ಚಳವನ್ನು ಕುಣಿಸುವ ಆವಿಯೇ ಇಲ್ಲಿ ಸಿಲಿಂಡರಿನೊಳಗೆ ಪಿಸ್ಟನ್ ಅನ್ನು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಳ್ಳುತ್ತದೆ, ಕೆಲಸ ಮುಗಿಸಿದ ಆವಿ ಪ್ರತಿ ಸಲವೂ ಚಿಮಣಿಯ ಮೂಲಕ ಹೊರಗೆ ನುಗ್ಗುವಾಗ ಆ ಸದ್ದು ಬರುತ್ತದೆ, ಎರಡು ಸಿಲಿಂಡರುಗಳಿರುವ ಯಂತ್ರದಲ್ಲಿ ದೊಡ್ಡ ಚಕ್ರ ಒಂದು ಸುತ್ತು ಸುತ್ತುವಷ್ಟರಲ್ಲಿ ಸರಿಯಾಗಿ ನಾಲ್ಕು ಸಲ ಕೇಳಿಸುತ್ತದೆ ಎಂದು ವಿವರಿಸಿದೆ. ಅವಳು ಬೆರಳು ಮಡಚಿ, ಕಾಲಿನಿಂದ ನೆಲ ತಟ್ಟಿ, ನಾಲ್ಕನ್ನು ಎಣಿಸಿ ನೋಡಿದಳು. ಅಷ್ಟರಲ್ಲಿ ನಮ್ಮ ಹಿಂದೆ ಹತ್ತು ಹನ್ನೆರಡು ಜನ ಸೇರಿದ್ದರು. ಕೊಪ್ಪಳದ ಕಡೆಯಿಂದ ಬಂದಿದ್ದ ಟ್ರ್ಯಾಕ್ಟರ್ ಮೆಕ್ಯಾನಿಕ್ ಒಬ್ಬರು, "ಇಷ್ಟ್ ಭಾರದ ಗಾಡಿ, ಬ್ರೇಕ್ ಹ್ಯಾಂಗ್ ಹಿಡೀತಿತ್ರೀ?" ಎಂದು ಕೇಳಿದರು. ಹಳೆಯ ಮೀಟರ್ ಗೇಜ್ ಗಾಡಿಗಳಲ್ಲಿದ್ದದ್ದು ವ್ಯಾಕ್ಯೂಮ್ ಬ್ರೇಕ್, ಪೈಪಿನಿಂದ ಗಾಳಿ ಹೀರಿ ಬ್ರೇಕ್ ಬಿಡಿಸುತ್ತಾರೆ, ಗಾಳಿ ಒಳಗೆ ಬಿಟ್ಟರೆ ಬ್ರೇಕ್ ಬೀಳುತ್ತದೆ ಎಂದೆ. ಅವರು ಕ್ಷಣಕಾಲ ಯೋಚಿಸಿ, "ಅಂದ್ರ ಬೋಗಿ ಕಳಚಿ ಪೈಪ್ ಹರದ್ರ ತಾನ ಬ್ರೇಕ್ ಬೀಳ್ತೈತಿ" ಎಂದರು. ಹೌದು, ಅದರ ಜಾಣತನವಿರುವುದೇ ಅಲ್ಲಿ. ಶಾಲೆಯ ಮೆಟ್ಟಿಲನ್ನು ಎಷ್ಟು ಹತ್ತಿದ್ದರೋ ತಿಳಿಯದು, ನನಗಿಂತ ಮೊದಲೇ ಅವರು ಆ ಮಾತನ್ನು ಹೇಳಿಬಿಟ್ಟರು.

ಇದನ್ನು ಇಷ್ಟು ವಿಸ್ತಾರವಾಗಿ ಬರೆದದ್ದು ನನ್ನ ಹೊಗಳಿಕೆಗಾಗಿ ಅಲ್ಲ. ಹೇಳುವವರಿದ್ದರೆ ನಿಂತು ಕೇಳುವವರು ಇದ್ದಾರೆ ಎಂಬುದು ಅಂದು ನನಗೆ ಮನವರಿಕೆಯಾಯಿತು. ಪ್ರತಿ ಕುಟುಂಬದ ಜೊತೆಯಲ್ಲೂ ಒಬ್ಬ ನಿವೃತ್ತ ಫಿಟ್ಟರ್ ಇರಲು ಸಾಧ್ಯವಿಲ್ಲ. ಆ ಕೆಲಸವನ್ನು ಮಾಡಬೇಕಾದದ್ದು ವಸ್ತುವಿನ ಪಕ್ಕದ ಬರಹ.

ಅದೇ ರಜೆಯಲ್ಲಿ ನಾವು ಹೊಕ್ಕ ಇನ್ನೊಂದು ಸಂಗ್ರಹಾಲಯದ ಹೆಸರನ್ನಾಗಲಿ, ಅದು ಯಾವ ಊರಿನದೆಂಬುದನ್ನಾಗಲಿ ನಾನು ಇಲ್ಲಿ ಹೇಳುವುದಿಲ್ಲ. ದೋಷ ಅಲ್ಲಿಯದು ಮಾತ್ರವಲ್ಲ, ಹೆಸರಿಸಿದರೆ ಅಲ್ಲಿನ ಕೆಳಹಂತದ ಸಿಬ್ಬಂದಿಯ ತಲೆಗೆ ಬರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಆದಿಮಾನವರ ಕಲ್ಲಿನ ಉಪಕರಣಗಳಿದ್ದವು. ಚೀಟಿ ನನ್ನ ಎದೆಯ ಎತ್ತರದಲ್ಲಿತ್ತು. ಮೇಲೆ ದಪ್ಪಕ್ಷರದಲ್ಲಿ ಇಂಗ್ಲಿಷ್, ಕೆಳಗೆ ಅದರ ಅರ್ಧದಷ್ಟು ಗಾತ್ರದ ಅಕ್ಷರದಲ್ಲಿ ಕನ್ನಡ. ಮೊಮ್ಮಗಳು ತುದಿಗಾಲಿನಲ್ಲಿ ನಿಂತು ಅದನ್ನು ಗಟ್ಟಿಯಾಗಿ ಓದಿದಳು: "ಈ ದ್ವಿಮುಖ ಶಿಲೋಪಕರಣಗಳು ದಖ್ಖನ್ ಪ್ರಸ್ಥಭೂಮಿಯಾದ್ಯಂತ ವ್ಯಾಪಕವಾಗಿ ವಿತರಿತವಾಗಿದ್ದವು." ಓದಿ ಮುಗಿಸಿ ನನ್ನ ಕಡೆ ತಿರುಗಿ, "ಯಾರು ಹಂಚಿದ್ರು ಅಜ್ಜಾ, ರೇಷನ್ ಅಂಗಡಿ ಥರ?" ಎಂದು ಕೇಳಿದಳು. ನಾವು ನಕ್ಕೆವು. ಆದರೆ ಅವಳು ತಮಾಷೆ ಮಾಡಿರಲಿಲ್ಲ. ಅವಳಿಗೆ ಗೊತ್ತಿದ್ದ "ವಿತರಣೆ" ಪಡಿತರದ್ದು, ಆ ಪದಕ್ಕೆ ಕನ್ನಡದಲ್ಲಿ ಇರುವ ಅರ್ಥವೂ ಅದೇ. "ಹರಡಿಕೊಂಡಿದ್ದವು" ಎನ್ನಬೇಕಾದ ಕಡೆ ತಪ್ಪಿದ್ದದ್ದು ಇಂಗ್ಲಿಷಿನ ಒಂದೊಂದು ಪದಕ್ಕೂ ನಿಘಂಟಿನಿಂದ ಒಂದೊಂದು ಸಂಸ್ಕೃತ ಪದವನ್ನು ಎತ್ತಿ ಜೋಡಿಸಿದವರದು.

ಅದೇ ಚೀಟಿಯನ್ನು ಹೀಗೆ ಬರೆಯಬಹುದಿತ್ತು: "ಇದು ಕಲ್ಲಿನ ಕೊಡಲಿ. ಇದಕ್ಕೆ ಕಾವು ಇಲ್ಲ. ಅಗಲವಾದ ಕಡೆಯನ್ನು ಅಂಗೈಯಲ್ಲಿ ಹಿಡಿದು, ಚೂಪಾದ ತುದಿಯಿಂದ ಗೆಡ್ಡೆ ಅಗೆಯುತ್ತಿದ್ದರು, ಪ್ರಾಣಿಯ ಚರ್ಮ ಸುಲಿಯುತ್ತಿದ್ದರು. ಯಾದಗಿರಿ ಜಿಲ್ಲೆಯ ಹುಣಸಗಿಯ ಸುತ್ತಮುತ್ತ ಇಂಥವು ಬಹಳ ಸಿಕ್ಕಿವೆ. ಇನ್ನೊಂದು ಕಲ್ಲಿನಿಂದ ಬಡಿದು ಚಕ್ಕೆ ಎಬ್ಬಿಸಿದ ಗುರುತುಗಳು ಅಂಚಿನಲ್ಲಿವೆ. ಎಷ್ಟಿವೆ, ಎಣಿಸಿ." ಇದನ್ನು ಬರೆಯಲು ದೊಡ್ಡ ಅನುದಾನವೇನೂ ಬೇಕಿಲ್ಲ. ಆ ಕಲ್ಲನ್ನು ಬಲ್ಲವರೊಬ್ಬರು ಮತ್ತು ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ಒಂದು ಮಧ್ಯಾಹ್ನ ಜೊತೆಯಲ್ಲಿ ಕುಳಿತರೆ ಆಗುವ ಕೆಲಸ. ಜೊತೆಗೆ ಚೀಟಿಯನ್ನು ಒಂದೂವರೆ ಅಡಿ ಕೆಳಗಿಳಿಸಬೇಕು. ದೊಡ್ಡವರು ಬಗ್ಗಬಹುದು, ಮಕ್ಕಳು ಏಣಿ ತರಲಾರರು.

ಈ ಮಾತನ್ನು ಮೈಸೂರಿನಲ್ಲಿ ನಿಂತು ಹೇಳಬೇಕಾಗಿರುವುದೇ ನನಗೆ ಸಂಕೋಚದ ಸಂಗತಿ. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ ಇಲ್ಲಿದೆ, ಅದರ ಕನ್ನಡ ಅಧ್ಯಯನ ಸಂಸ್ಥೆ ಇಲ್ಲಿದೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನವೂ ಇಲ್ಲೇ ಇದೆ. ಕೃಷ್ಣರಾಜ ಬುಲೆವಾರ್ಡಿನ ಓರಿಯೆಂಟಲ್ ಲೈಬ್ರರಿಗೆ ಬಂದ ತಾಳೆಗರಿಯ ಕಟ್ಟಿನಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಆರ್. ಶಾಮಶಾಸ್ತ್ರಿಗಳು ಗುರುತಿಸಿದ್ದು, 1909ರಲ್ಲಿ ಅದನ್ನು ಅಚ್ಚು ಮಾಡಿಸಿ ಲೋಕಕ್ಕೆ ಕೊಟ್ಟದ್ದು ಈ ಊರಿನಲ್ಲಿ. ಇನ್ನು, ಅರಮನೆಯ ಬಳಿಯ ದೊಡ್ಡ ಗಡಿಯಾರವನ್ನೇ ನೋಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯ ಬೆಳ್ಳಿಹಬ್ಬಕ್ಕೆ 1927ರಲ್ಲಿ ಕಟ್ಟಿದ ಆ ಗೋಪುರದ ಗಡಿಯಾರದ ಮುಖದಲ್ಲಿರುವುದು ಕನ್ನಡ ಅಂಕಿಗಳು. ಮೊಮ್ಮಗಳು ಅದರ ಕೆಳಗೆ ನಿಂತು ೧ರಿಂದ ೧೨ರವರೆಗೆ ಓದಿದಳು, ೬ ಮತ್ತು ೯ರ ನಡುವೆ ಮಾತ್ರ ಕೊಂಚ ತಡವರಿಸಿದಳು. ಸಂತೆಗೆ ಬಂದವನೂ ಹೊತ್ತು ತಿಳಿಯಲಿ ಎಂದು ಅಂದಿನವರಿಗೆ ಹೊಳೆದದ್ದು, ಸುಮಾರು ನೂರು ವರ್ಷಗಳ ನಂತರ ಚೀಟಿ ಬರೆಯುವವರಿಗೆ ಏಕೆ ಹೊಳೆಯುವುದಿಲ್ಲವೋ ನಾನರಿಯೆ.

ಸರಿಯಾದ ಮಾಹಿತಿ ಜನರ ಕಿವಿಗೆ ತಲುಪದಿದ್ದರೆ ಆ ಜಾಗವನ್ನು ದಂತಕತೆ ತುಂಬುತ್ತದೆ. ಜಗನ್ಮೋಹನ ಅರಮನೆಯ ಚಿತ್ರಶಾಲೆಯಲ್ಲಿರುವ, ಅಂಗೈ ಅಡ್ಡ ಹಿಡಿದು ದೀಪವನ್ನು ಒಯ್ಯುತ್ತಿರುವ ಹೆಣ್ಣಿನ ಚಿತ್ರವನ್ನು ನೋಡದ ಕನ್ನಡಿಗರು ಕಡಿಮೆ. ಅದರ ಮುಂದೆ ನಿಂತ ಹತ್ತು ಕುಟುಂಬಗಳಲ್ಲಿ ಬಹುಪಾಲು "ಇದು ರವಿವರ್ಮನದು" ಎಂದು ಮಕ್ಕಳಿಗೆ ಹೇಳುವುದನ್ನು ನಾನು ವರ್ಷಗಳಿಂದ ಕೇಳುತ್ತಾ ಬಂದಿದ್ದೇನೆ. ಒಂದು ಕಾಲಕ್ಕೆ ನಾನೂ ಮಗಳಿಗೆ ಹಾಗೆಯೇ ಹೇಳಿದ್ದೆ. ರವಿವರ್ಮ ತೀರಿಕೊಂಡದ್ದು 1906ರಲ್ಲಿ. ಈ ಚಿತ್ರವನ್ನು ಸುಮಾರು ನಾಲ್ಕು ದಶಕಗಳ ನಂತರ ಬರೆದವರು ಎಸ್.ಎಲ್. ಹಲ್ದಣಕರ್. ರೂಪದರ್ಶಿಯಾಗಿ ನಿಂತವರು ಅವರ ಮಗಳು ಗೀತಾ, ಆಕೆ ನೂರು ವರ್ಷ ದಾಟಿ ಬದುಕಿ 2018ರಲ್ಲಿ ತೀರಿಕೊಂಡರು. ಅದು ತೈಲಚಿತ್ರವೂ ಅಲ್ಲ, ಜಲವರ್ಣ. ಬಿಳಿ ಕಾಗದ, ನೀರು ಮತ್ತು ಬಣ್ಣದಿಂದ ಬೆರಳುಗಳ ಸಂದಿಯಲ್ಲಿ ಕೆಂಪು ಬೆಳಕು ಹೇಗೆ ಹೊಳೆಯುವಂತೆ ಮಾಡಿದರು ಎಂದು ಶಾಲೆಯಲ್ಲಿ ಜಲವರ್ಣದ ಡಬ್ಬಿ ಹಿಡಿದ ಮಗು ಕೇಳಿದರೆ, ಆ ಪ್ರಶ್ನೆಯಿಂದ ಒಂದು ಇಡೀ ರಜೆಯ ಕಲಿಕೆ ಆರಂಭವಾಗಬಹುದು. ಕತ್ತಲಲ್ಲಿ ಟಾರ್ಚ್ ಹಿಡಿದು ಅಂಗೈಯನ್ನು ಅಡ್ಡ ಇಟ್ಟು ನೋಡಿದರೆ ಅರ್ಧ ಉತ್ತರ ಮನೆಯಲ್ಲೇ ಸಿಗುತ್ತದೆ. ನಾವು ಅಂದು ರಾತ್ರಿ ಹಾಗೆ ಮಾಡಿದೆವು.

ಎಲ್ಲ ಕಡೆಯೂ ಬರಹವೇ ಬೇಕೆಂದಿಲ್ಲ. ಮಗಳು ಶಾಲೆಯಲ್ಲಿದ್ದಾಗ ನಾವು ಜಾನಪದ ವಸ್ತು ಸಂಗ್ರಹಾಲಯಕ್ಕೆ ಹೋಗಿದ್ದೆವು. ತೊಗಲುಗೊಂಬೆ, ಸೋಮನ ಮುಖ, ಯಕ್ಷಗಾನದ ಕಿರೀಟ ಇವುಗಳನ್ನು ನಾನು ತೋರಿಸುತ್ತಿದ್ದಾಗ, ಅದುವರೆಗೆ ಮಾತಿಲ್ಲದೆ ಹಿಂದೆ ಬರುತ್ತಿದ್ದ ನನ್ನ ತಾಯಿ ಅಳತೆಯ ಪಾತ್ರೆಗಳ ಮುಂದೆ ನಿಂತುಬಿಟ್ಟರು. ಅಲ್ಲಿಂದ ಮುಂದೆ ಮಾರ್ಗದರ್ಶಿ ಅವರೇ. ಪಾವು ಯಾವುದು, ಸೇರು ಯಾವುದು, ನಾಲ್ಕು ಪಾವು ತುಂಬಿದರೆ ಒಂದು ಸೇರು, ರಾಶಿ ಅಳೆಯುವಾಗ ಮೊದಲನೆಯದನ್ನು "ಒಂದು" ಎನ್ನದೆ "ಲಾಭ" ಎಂದು ಎಣಿಸುತ್ತಿದ್ದರು ಎಂದೆಲ್ಲ ನನ್ನ ಮಗಳಿಗೆ ಹೇಳುತ್ತಾ, ಒಂದು ಗಂಟೆ ನಮ್ಮನ್ನು ಅಲ್ಲಿಂದ ಕದಲಗೊಡಲಿಲ್ಲ. ಅಕ್ಷರ ಬಾರದ ನನ್ನ ತಾಯಿ ಒಂದು ಸಂಗ್ರಹಾಲಯದಲ್ಲಿ ವಿದ್ವಾಂಸರಂತೆ ಮಾತನಾಡಿದ್ದನ್ನು ನಾನು ಮರೆಯಲಾರೆ. ಇಂಥ ಕಡೆ "ನಿಮ್ಮ ಮನೆಯ ಹಿರಿಯರನ್ನು ಕೇಳಿ, ಇದಕ್ಕೆ ನಿಮ್ಮ ಊರಿನಲ್ಲಿ ಏನೆನ್ನುತ್ತಾರೆ?" ಎಂಬ ಒಂದು ಸಾಲಿನ ಹಲಗೆ ಇದ್ದರೆ ಸಾಕು, ಉಳಿದದ್ದನ್ನು ಅಜ್ಜಿಯರು ನೋಡಿಕೊಳ್ಳುತ್ತಾರೆ.

ಮುಟ್ಟಿ, ತಿರುಗಿಸಿ ಕಲಿಯುವ ಅವಕಾಶದ ಬಗ್ಗೆಯೂ ಒಂದು ಮಾತು. ಬೆಂಗಳೂರಿನ ವಿಶ್ವೇಶ್ವರಯ್ಯ ಕೈಗಾರಿಕಾ ಮತ್ತು ತಾಂತ್ರಿಕ ವಸ್ತು ಸಂಗ್ರಹಾಲಯದಲ್ಲಿ 1965ರಿಂದಲೂ ಮಕ್ಕಳು ಗುಂಡಿ ಒತ್ತಿ, ಹಿಡಿ ತಿರುಗಿಸಿ, ಯಂತ್ರ ಹೇಗೆ ನಡೆಯುತ್ತದೆಂದು ತಾವೇ ಕಂಡುಕೊಳ್ಳುತ್ತಿದ್ದಾರೆ. ಯಾರ ಹೆಸರನ್ನು ಅದಕ್ಕೆ ಇಟ್ಟಿದೆಯೋ ಆ ಎಂಜಿನಿಯರ್ ದಿವಾನರಾಗಿದ್ದು ನಮ್ಮ ಮೈಸೂರು ಸಂಸ್ಥಾನದಲ್ಲಿ, ಅವರ ಹೆಸರಿನೊಂದಿಗೆ ಬೆಸೆದುಕೊಂಡ ಕನ್ನಂಬಾಡಿ ಕಟ್ಟೆ ಇರುವುದು ನಮ್ಮ ಪಕ್ಕದಲ್ಲಿ. ಆದರೂ ಕಟ್ಟೆಗೆ ಹೋದ ಕುಟುಂಬಗಳು ಕಾರಂಜಿ ನೋಡಿ ಬರುತ್ತವೆಯೇ ಹೊರತು, ಅಷ್ಟು ನೀರನ್ನು ಆ ಗೋಡೆ ಹೇಗೆ ತಡೆದು ನಿಲ್ಲಿಸಿದೆ ಎಂಬುದು ಮಕ್ಕಳ ಪ್ರಶ್ನೆಯಾಗಿಯೇ ಉಳಿಯುತ್ತದೆ. ಚಾಮುಂಡಿ ಬೆಟ್ಟದ ತಪ್ಪಲಿನ ವಿಶ್ವವಿದ್ಯಾನಿಲಯದ ಜಾಗದಲ್ಲಿ ತಾರಾಲಯವೊಂದಕ್ಕೆ 2022ರಲ್ಲಿ ಶಂಕುಸ್ಥಾಪನೆ ನಡೆದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅಲ್ಲಿನ ಕನ್ನಡ ಪ್ರದರ್ಶನದ ನಿರೂಪಣೆಯನ್ನು ಇಂಗ್ಲಿಷ್ ಪ್ರತಿಯಿಂದ ತರ್ಜುಮೆ ಮಾಡಿಸದೆ ಮೊದಲೇ ಕನ್ನಡದಲ್ಲಿ ಬರೆಸಬೇಕು, ಅದನ್ನು ಕುಟುಂಬಗಳು ಬರಬಲ್ಲ ಸಂಜೆ ಮತ್ತು ಭಾನುವಾರದ ಹೊತ್ತಿಗೆ ಇಡಬೇಕು ಎಂಬುದು ನನ್ನ ಕೋರಿಕೆ. ಒರಯನ್ ನಕ್ಷತ್ರಪುಂಜಕ್ಕೆ ನಮ್ಮಲ್ಲಿ ಮಹಾವ್ಯಾಧ ಎಂಬ ಹೆಸರಿದೆ, ಉರ್ಸಾ ಮೇಜರ್‌ನ ಏಳು ನಕ್ಷತ್ರಗಳಿಗೆ ಸಪ್ತರ್ಷಿಗಳ ಕತೆಯಿದೆ. ಅಲ್ಲಿಂದ ಹೊರಟು ದೂರದರ್ಶಕದವರೆಗೆ ಹೋಗುವ ದಾರಿ ಮಕ್ಕಳಿಗೆ ಹತ್ತಿರದ್ದು.

ಸಣ್ಣಪುಟ್ಟ ಅನುಕೂಲಗಳ ವಿಷಯದಲ್ಲಿ ಹೆಚ್ಚು ಬರೆಯುವುದಿಲ್ಲ. ಮನೆಯಿಂದ ಪುಳಿಯೋಗರೆ, ಮೊಸರನ್ನ ಕಟ್ಟಿಕೊಂಡು ಬಂದವರಿಗೆ ಕುಳಿತು ಉಣ್ಣಲು ಒಂದು ನೆರಳು, ಕುಡಿಯುವ ನೀರು, ವಯಸ್ಸಾದವರಿಗೆ ಪ್ರತಿ ಕೋಣೆಯಲ್ಲಿ ಒಂದು ಬೆಂಚು ಇವು ಎಲ್ಲ ಕಡೆ ಬೇಕು. ವಾರದ ರಜೆಯೂ ಒಂದೊಂದು ಕಡೆ ಒಂದೊಂದು ದಿನ. ಮೃಗಾಲಯಕ್ಕೆ ಮಂಗಳವಾರ, ಕೆಲವಕ್ಕೆ ಸೋಮವಾರ. ಸಿಬ್ಬಂದಿಗೆ ರಜೆ ಬೇಕು, ಅದರ ಬಗ್ಗೆ ತಕರಾರಿಲ್ಲ. ಆದರೆ ಯಾವುದಕ್ಕೆ ಯಾವ ದಿನ ರಜೆ, ಯಾವುದು ಎಲ್ಲಿದೆ, ಅಲ್ಲಿಗೆ ಯಾವ ನಂಬರಿನ ಸಿಟಿ ಬಸ್ಸು ಹೋಗುತ್ತದೆ ಎಂಬ ಒಂದೇ ಹಲಗೆಯನ್ನು ರೈಲು ನಿಲ್ದಾಣದಲ್ಲಿ, ಗ್ರಾಮಾಂತರ ಬಸ್ ನಿಲ್ದಾಣದಲ್ಲಿ ಮತ್ತು ಅರಮನೆಯ ಟಿಕೆಟ್ ಕೌಂಟರಿನ ಪಕ್ಕದಲ್ಲಿ ಹಾಕಿದರೆ, ಆಟೋ ಇಳಿದು ಮುಚ್ಚಿದ ಗೇಟಿನ ಮುಂದೆ ಮಕ್ಕಳನ್ನು ಸಮಾಧಾನಪಡಿಸುವ ಪಾಡು ತಪ್ಪುತ್ತದೆ. ಈ ಸಂಸ್ಥೆಗಳು ಬೇರೆ ಬೇರೆ ಇಲಾಖೆಗಳ, ಬೇರೆ ಬೇರೆ ಸರ್ಕಾರಗಳ ಅಧೀನದಲ್ಲಿರುವುದರಿಂದ ಹಲಗೆ ಹಾಕಬೇಕಾದವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಪ್ರವಾಸೋದ್ಯಮ ಇಲಾಖೆಯವರು ಮುಂದೆ ಬಂದರೆ ಉಳಿದವರು ಬೇಡವೆನ್ನಲಾರರು ಎಂದು ನನ್ನ ನಂಬಿಕೆ.

ಈ ಊರಿನಲ್ಲಿ ನನ್ನಂತಹ ನಿವೃತ್ತರು ಬೇಕಾದಷ್ಟಿದ್ದಾರೆ. ಬೆಳಿಗ್ಗೆ ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕುವ ನಮ್ಮ ಗುಂಪಿನಲ್ಲೇ ಒಬ್ಬರು ಸಸ್ಯಶಾಸ್ತ್ರ ಕಲಿಸಿದವರು, ಒಬ್ಬರು ಶಾಸನ ಓದಬಲ್ಲವರು, ಒಬ್ಬರು ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವರು. ಎಂಟು ದಿನಕ್ಕೊಮ್ಮೆ ಎರಡು ಗಂಟೆ ಒಂದು ಸಂಗ್ರಹಾಲಯದಲ್ಲಿ ನಿಂತು, ಬಂದವರ ಮಕ್ಕಳಿಗೆ ಕನ್ನಡದಲ್ಲಿ ವಿವರಿಸಲು ಇವರಿಗೆ ಸಂಬಳ ಬೇಕಿಲ್ಲ. ಕುತ್ತಿಗೆಗೆ ಹಾಕಿಕೊಳ್ಳಲು ಒಂದು ಗುರುತಿನ ಚೀಟಿ, ನಡುವೆ ಒಂದು ಲೋಟ ಕಾಫಿ ಸಾಕು. ಕೇಳಿದರೆ ನಾನು ಉಗಿಯಂತ್ರದ ಪಕ್ಕದಲ್ಲಿ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಿಲ್ಲಲು ಸಿದ್ಧನಿದ್ದೇನೆ. ಅಂದು ರಜೆಯಿದ್ದರೆ ಮಾತ್ರ ಹಿಂದಿನ ದಿನವೇ ತಿಳಿಸಬೇಕು.

ಇತಿ,
ನಿವೃತ್ತ ರೈಲ್ವೆ ಫಿಟ್ಟರ್,
ಮೈಸೂರು